ಮಾಧ್ಯಮ ಕಂಪನಿಗಳ ಮಧ್ಯಂತರ ಹಣಕಾಸು ವರದಿ ಮತ್ತು ಲೆಕ್ಕಪತ್ರ ನೀತಿಗಳು

ಮಧ್ಯಂತರ ಹಣಕಾಸು ವರದಿ ಎಂದರೆ ಒಂದು ಪೂರ್ಣ ಹಣಕಾಸು ವರ್ಷಕ್ಕಿಂತ ಕಡಿಮೆ ಅವಧಿಗೆ, ಸಾಮಾನ್ಯವಾಗಿ ಮೂರು ಅಥವಾ ಆರು ತಿಂಗಳಿಗೆ, ಕಂಪನಿಯೊಂದು ಪ್ರಕಟಿಸುವ ಲೆಕ್ಕಪತ್ರಗಳ ಸಂಕ್ಷಿಪ್ತ ವರದಿ. ಆ ವರದಿಯ ಅಂಕಿಗಳನ್ನು ಯಾವ ನಿಯಮಗಳ ಆಧಾರದಿಂದ ಲೆಕ್ಕ ಹಾಕಲಾಗಿದೆ ಎಂಬುದನ್ನು ತಿಳಿಸುವ ತತ್ತ್ವಗಳಿಗೂ ರೂಢಿಗಳಿಗೂ ಲೆಕ್ಕಪತ್ರ ನೀತಿಗಳು ಎಂದು ಹೆಸರು. ದಿನಪತ್ರಿಕೆ, ದೂರದರ್ಶನ ವಾಹಿನಿ, ರೇಡಿಯೊ ಮತ್ತು ಚಲನಚಿತ್ರ ವ್ಯವಹಾರ ನಡೆಸುವ ಕಂಪನಿಗಳಲ್ಲಿ ಈ ನೀತಿಗಳಿಗೆ ವಿಶೇಷ ಮಹತ್ವವಿದೆ. ಇಂತಹ ಕಂಪನಿಗಳ ಮುಖ್ಯ ಸ್ವತ್ತು ಕಟ್ಟಡವೂ ಅಲ್ಲ, ಯಂತ್ರವೂ ಅಲ್ಲ. ಅದು ಕಾರ್ಯಕ್ರಮಗಳ ಪ್ರಸಾರದ ಹಕ್ಕು. ಆ ಹಕ್ಕಿನ ಬೆಲೆಯನ್ನು ಯಾವ ತ್ರೈಮಾಸಿಕದಲ್ಲಿ ಎಷ್ಟು ಪ್ರಮಾಣದಲ್ಲಿ ವೆಚ್ಚವೆಂದು ಬರೆಯಲಾಗುತ್ತದೆ ಎಂಬುದರ ಮೇಲೆ ಆ ತ್ರೈಮಾಸಿಕದ ಲಾಭ ಬಹುಮಟ್ಟಿಗೆ ನಿಂತಿರುತ್ತದೆ.

ಅರ್ಥ ಮತ್ತು ಪರಿಭಾಷೆ

ಭಾರತದಲ್ಲಿ ಹಣಕಾಸು ವರ್ಷವು ಏಪ್ರಿಲ್ 1ರಂದು ಆರಂಭವಾಗಿ ಮಾರ್ಚ್ 31ರಂದು ಮುಗಿಯುತ್ತದೆ. ಏಪ್ರಿಲ್–ಜೂನ್ ಮೊದಲನೆಯ, ಜುಲೈ–ಸೆಪ್ಟೆಂಬರ್ ಎರಡನೆಯ, ಅಕ್ಟೋಬರ್–ಡಿಸೆಂಬರ್ ಮೂರನೆಯ, ಜನವರಿ–ಮಾರ್ಚ್ ನಾಲ್ಕನೆಯ ತ್ರೈಮಾಸಿಕ. ಪೂರ್ಣ ಪ್ರಮಾಣದ ಲೆಕ್ಕಪತ್ರಗಳಲ್ಲಿ ಅಡಾವೆ ಪತ್ರಿಕೆ, ಲಾಭ–ನಷ್ಟ ತಃಖ್ತೆ, ಷೇರು ಬಂಡವಾಳ ಮತ್ತು ಮೀಸಲು ನಿಧಿಗಳಲ್ಲಾದ ಬದಲಾವಣೆಯ ತಃಖ್ತೆ, ನಗದು ಹರಿವಿನ ತಃಖ್ತೆ ಹಾಗೂ ವಿವರಣಾತ್ಮಕ ಟಿಪ್ಪಣಿಗಳು ಇರುತ್ತವೆ. ಮಧ್ಯಂತರ ವರದಿಯಲ್ಲಿ ಇವೇ ಅಂಗಗಳು ಸಂಕ್ಷಿಪ್ತ ರೂಪದಲ್ಲಿ ಬರುತ್ತವೆ. ಟಿಪ್ಪಣಿಗಳು ಆಯ್ದ ವಿಷಯಗಳಿಗೆ ಸೀಮಿತವಾಗಿರುತ್ತವೆ. ಓದುಗನು ಹಿಂದಿನ ವಾರ್ಷಿಕ ವರದಿಯನ್ನು ಬಲ್ಲನೆಂದು ಭಾವಿಸಿ, ಅನಂತರ ನಡೆದ ಮುಖ್ಯ ಬದಲಾವಣೆಗಳನ್ನು ಮಾತ್ರ ಇಲ್ಲಿ ಹೇಳಲಾಗುತ್ತದೆ.

ಲೆಕ್ಕಪತ್ರ ನೀತಿಯನ್ನು ಲೆಕ್ಕಪತ್ರ ಅಂದಾಜಿನಿಂದ ಬೇರ್ಪಡಿಸಿ ನೋಡುವುದು ಅವಶ್ಯಕ. ವರಮಾನವನ್ನು ಜಾಹೀರಾತು ಪ್ರಕಟವಾದ ದಿನ ಗುರುತಿಸಬೇಕು ಎಂಬುದು ನೀತಿ. ಜಾಹೀರಾತುದಾರರಿಂದ ಬರಬೇಕಾದ ಹಣದಲ್ಲಿ ಇಷ್ಟು ಭಾಗ ವಸೂಲಾಗದೆ ಉಳಿಯಬಹುದು ಎಂಬುದು ಅಂದಾಜು. ನೀತಿ ಸ್ಥಿರವಾಗಿರಬೇಕು, ಅಂದಾಜು ಹೊಸ ಮಾಹಿತಿ ದೊರೆತಂತೆಲ್ಲ ಬದಲಾಗುತ್ತದೆ.

ಹಿನ್ನೆಲೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಷೇರುಪಟ್ಟಿಯಲ್ಲಿರುವ ಕಂಪನಿಗಳು ತ್ರೈಮಾಸಿಕ ವರದಿಯನ್ನು ನಿಯಂತ್ರಕರಿಗೆ ಸಲ್ಲಿಸುವ ಪದ್ಧತಿ 1970ರಿಂದ ನಡೆದುಬಂದಿದೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ 34ನೆಯ ಲೆಕ್ಕಪತ್ರ ಮಾನದಂಡ 1998ರಲ್ಲಿ ಹೊರಬಂದು, 1999ರ ಜನವರಿ 1ರಿಂದ ಆರಂಭವಾಗುವ ಅವಧಿಗಳಿಗೆ ಅನ್ವಯಿಸಿತು. ಭಾರತದ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆಯು 25ನೆಯ ಲೆಕ್ಕಪತ್ರ ಮಾನದಂಡವನ್ನು 2002ರಲ್ಲಿ ಜಾರಿಗೆ ತಂದಿತು. 2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಭಾರತೀಯ ಲೆಕ್ಕಪತ್ರ ಮಾನದಂಡಗಳನ್ನು ಅಧಿಸೂಚಿಸಿದಾಗ ಅವುಗಳಲ್ಲಿ ಇಂಡ್ ಎಎಸ್ 34 ಸಹ ಸೇರಿತ್ತು. ₹500 ಕೋಟಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಮೌಲ್ಯವುಳ್ಳ ಕಂಪನಿಗಳಿಗೆ 2016ರ ಏಪ್ರಿಲ್ 1ರಿಂದಲೂ, ಷೇರುಪಟ್ಟಿಯ ಉಳಿದ ಕಂಪನಿಗಳಿಗೆ ಮತ್ತು ₹250 ಕೋಟಿಗಿಂತ ಕಡಿಮೆಯಲ್ಲದ ನಿವ್ವಳ ಮೌಲ್ಯದ ಇತರ ಕಂಪನಿಗಳಿಗೆ 2017ರ ಏಪ್ರಿಲ್ 1ರಿಂದಲೂ ಈ ಮಾನದಂಡಗಳು ಅನ್ವಯವಾದವು.

ಇಂಡ್ ಎಎಸ್ 34 ವರದಿಯನ್ನು ಹೇಗೆ ಸಿದ್ಧಪಡಿಸಬೇಕು ಎಂಬುದನ್ನು ಹೇಳುತ್ತದೆಯೇ ಹೊರತು ಯಾರು, ಎಷ್ಟು ಬಾರಿ ಪ್ರಕಟಿಸಬೇಕು ಎಂಬುದನ್ನು ಹೇಳುವುದಿಲ್ಲ. ಆ ಕಟ್ಟುಪಾಡು ಭಾರತೀಯ ಷೇರು ವಿನಿಮಯ ನಿಯಂತ್ರಣ ಮಂಡಳಿಯಿಂದ, ಅಂದರೆ ಸೆಬಿಯಿಂದ, ಬಂದುದಾಗಿದೆ. ಮೊದಲು ಷೇರುಪಟ್ಟಿ ಒಪ್ಪಂದದ 41ನೆಯ ಕಲಮಿನಲ್ಲಿದ್ದ ಈ ನಿಯಮವು 2015ರ ಡಿಸೆಂಬರ್ 1ರಿಂದ ಜಾರಿಗೆ ಬಂದ ಸೆಬಿಯ ಷೇರುಪಟ್ಟಿ ಕಟ್ಟುಪಾಡು ಮತ್ತು ಪ್ರಕಟಣಾ ನಿಯಮಾವಳಿಯ 33ನೆಯ ನಿಯಮವಾಯಿತು. ಅದರಂತೆ ಮೊದಲ ಮೂರು ತ್ರೈಮಾಸಿಕಗಳ ಫಲಿತಾಂಶವನ್ನು ಅವಧಿ ಮುಗಿದ 45 ದಿನಗಳೊಳಗೆ, ವಾರ್ಷಿಕ ಫಲಿತಾಂಶವನ್ನು 60 ದಿನಗಳೊಳಗೆ ಷೇರು ವಿನಿಮಯ ಕೇಂದ್ರಗಳಿಗೆ ಸಲ್ಲಿಸಬೇಕು. ಅಂಗಸಂಸ್ಥೆಗಳನ್ನೂ ಒಳಗೊಂಡ ಕ್ರೋಡೀಕೃತ ತ್ರೈಮಾಸಿಕ ಫಲಿತಾಂಶವು 2019ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ.

ಕನ್ನಡ ಮಾಧ್ಯಮ ಸಂಸ್ಥೆಗಳಿಗೆ ಅನ್ವಯ

ತ್ರೈಮಾಸಿಕ ಫಲಿತಾಂಶ ಪ್ರಕಟಿಸುವ ಹೊಣೆ ಷೇರುಪಟ್ಟಿಯಲ್ಲಿರುವ ಕಂಪನಿಗಳಿಗೆ ಮಾತ್ರ. 1948ರಲ್ಲಿ ಆರಂಭವಾದ 'ಪ್ರಜಾವಾಣಿ'ಯನ್ನು ಪ್ರಕಟಿಸುವ ದಿ ಪ್ರಿಂಟರ್ಸ್ (ಮೈಸೂರು) ಖಾಸಗಿ ನಿಯಮಿತ ಕಂಪನಿ. 'ಸಂಯುಕ್ತ ಕರ್ನಾಟಕ'ವನ್ನು ನಡೆಸುವುದು ಲೋಕ ಶಿಕ್ಷಣ ಟ್ರಸ್ಟ್. ಇಂತಹ ಸಂಸ್ಥೆಗಳು ವಾರ್ಷಿಕ ಲೆಕ್ಕಪತ್ರಗಳನ್ನು ಸಿದ್ಧಪಡಿಸುತ್ತವೆಯಾದರೂ ಮೂರು ತಿಂಗಳಿಗೊಮ್ಮೆ ಸಾರ್ವಜನಿಕರ ಮುಂದೆ ಲಾಭ–ನಷ್ಟವನ್ನು ಇಡಬೇಕಾದ ಕಟ್ಟುಪಾಡು ಅವುಗಳಿಗಿಲ್ಲ.

ದೂರದರ್ಶನ ವಾಹಿನಿಗಳ ಸ್ಥಿತಿ ಬೇರೆ. 1994ರಲ್ಲಿ ಆರಂಭವಾದ ಉದಯ ಟಿವಿಯು ಚೆನ್ನೈಯ ಸನ್ ಟಿವಿ ನೆಟ್‌ವರ್ಕ್ ಸಮೂಹಕ್ಕೆ ಸೇರಿದೆ. ಆ ಕಂಪನಿ 2006ರಲ್ಲಿ ಷೇರುಪಟ್ಟಿಗೆ ಬಂದಿತು. 2006ರಲ್ಲೇ ಆರಂಭವಾದ ಜೀ ಕನ್ನಡ ವಾಹಿನಿಯು ಮುಂಬಯಿಯ ಜೀ ಎಂಟರ್‌ಟೈನ್‌ಮೆಂಟ್ ಎಂಟರ್‌ಪ್ರೈಸಸ್ ಕಂಪನಿಯದು, ಅದೂ ಷೇರುಪಟ್ಟಿಯಲ್ಲಿದೆ. ಆದ್ದರಿಂದ ಕನ್ನಡ ವಾಹಿನಿಗಳ ಗಳಿಕೆ–ವೆಚ್ಚ ಈ ದೊಡ್ಡ ಕಂಪನಿಗಳ ತ್ರೈಮಾಸಿಕ ವರದಿಗಳಲ್ಲಿ ಸೇರಿಕೊಂಡಿರುತ್ತದೆ. ಆದರೆ ಪ್ರತ್ಯೇಕವಾಗಿ ಕಾಣಿಸುವುದಿಲ್ಲ. ವ್ಯವಹಾರ ವಿಭಾಗಗಳ ಕುರಿತ ಇಂಡ್ ಎಎಸ್ 108ರ ಪ್ರಕಾರ, ಆಡಳಿತವು ನಿರ್ಧಾರ ಕೈಗೊಳ್ಳುವಾಗ ಯಾವ ವಿಭಾಗಗಳನ್ನು ಬೇರೆಬೇರೆಯಾಗಿ ಪರಿಶೀಲಿಸುತ್ತದೋ ಅವುಗಳನ್ನು ಮಾತ್ರ ವರದಿಯಲ್ಲಿ ಬೇರ್ಪಡಿಸಿದರೆ ಸಾಕು. ಎಲ್ಲ ಭಾಷೆಗಳ ಪ್ರಸಾರವನ್ನು ಒಂದೇ ವಿಭಾಗವೆಂದು ಪರಿಗಣಿಸಿದಾಗ, ಒಂದು ಭಾಷೆಯ ವಾಹಿನಿ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಎಂಬುದನ್ನು ಹೊರಗಿನ ಓದುಗನು ತಿಳಿಯಲಾರ.

ಮೂಲ ತತ್ತ್ವಗಳು

ಇಂಡ್ ಎಎಸ್ 34ರ ತಿರುಳನ್ನು ಮೂರು ತತ್ತ್ವಗಳಲ್ಲಿ ಸಂಗ್ರಹಿಸಬಹುದು.

ಒಂದು, ವಾರ್ಷಿಕ ಲೆಕ್ಕಪತ್ರಗಳಿಗೆ ಅನುಸರಿಸುವ ನೀತಿಗಳನ್ನೇ ಮಧ್ಯಂತರ ವರದಿಯಲ್ಲೂ ಅನುಸರಿಸಬೇಕು. ಹಾಗೆ ಅನುಸರಿಸಲಾಗಿದೆ ಎಂಬ ಹೇಳಿಕೆಯನ್ನು ಟಿಪ್ಪಣಿಯಲ್ಲಿ ಕೊಡಬೇಕು; ಬದಲಾವಣೆಯಾಗಿದ್ದರೆ ಅದರ ಸ್ವರೂಪವನ್ನೂ ಪರಿಣಾಮವನ್ನೂ ವಿವರಿಸಬೇಕು.

ಎರಡು, ಅಳತೆಯು ವರ್ಷಾರಂಭದಿಂದ ಆ ದಿನದವರೆಗಿನ ಅವಧಿಯನ್ನು ಆಧರಿಸಿರಬೇಕು. ವರದಿಯನ್ನು ಎಷ್ಟು ಬಾರಿ ಪ್ರಕಟಿಸಲಾಗುತ್ತದೆ ಎಂಬುದರಿಂದ ವರ್ಷದ ಒಟ್ಟು ಫಲಿತಾಂಶ ಬದಲಾಗಬಾರದು. ನಾಲ್ಕು ಬಾರಿ ಅಳೆದರೂ ಒಂದೇ ಬಾರಿ ಅಳೆದರೂ ರಾಶಿಯಲ್ಲಿರುವ ರಾಗಿ ಅಷ್ಟೇ ಇರಬೇಕೆಂಬುದು ಇದರ ಆಶಯ. ಗುಡ್‌ವಿಲ್ ಮೌಲ್ಯ ಕುಸಿತ ಇದಕ್ಕೆ ಒಂದು ಅಪವಾದ: ಒಂದು ತ್ರೈಮಾಸಿಕದಲ್ಲಿ ಕುಸಿತವೆಂದು ಬರೆದ ಮೊತ್ತವನ್ನು ಮುಂದಿನ ತ್ರೈಮಾಸಿಕದಲ್ಲಿ ಪರಿಸ್ಥಿತಿ ಸುಧಾರಿಸಿದರೂ ಹಿಂದಕ್ಕೆ ತರುವಂತಿಲ್ಲ.

ಮೂರು, ವರ್ಷಾಂತ್ಯದಲ್ಲಿ ಯಾವುದನ್ನು ಮುಂದೂಡಲು ಅಥವಾ ಮುಂಚಿತವಾಗಿ ಬರೆಯಲು ಅವಕಾಶವಿಲ್ಲವೋ ಅದನ್ನು ತ್ರೈಮಾಸಿಕದ ಕೊನೆಯಲ್ಲಿಯೂ ಮಾಡುವಂತಿಲ್ಲ. ಹಬ್ಬದ ತಿಂಗಳಿನಲ್ಲಿ ಹೆಚ್ಚು ಜಾಹೀರಾತು ಬರುವುದು ಖಚಿತವೆಂದು ಆ ಆದಾಯದ ಒಂದು ಪಾಲನ್ನು ಬಡ ತ್ರೈಮಾಸಿಕಕ್ಕೆ ಹಂಚಿಕೊಡಲಾಗದು. ಹಾಗೆಯೇ ಮೊದಲ ತ್ರೈಮಾಸಿಕದಲ್ಲಿ ಮಾಡಿದ ದೊಡ್ಡ ಪ್ರಚಾರ ವೆಚ್ಚವನ್ನು ಇಡೀ ವರ್ಷಕ್ಕೆ ಉಪಯುಕ್ತವೆಂಬ ಕಾರಣದಿಂದ ನಾಲ್ಕು ಭಾಗ ಮಾಡಲಾಗದು.

ವರಮಾನವನ್ನು ಗುರುತಿಸುವ ನೀತಿ

2018ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇಂಡ್ ಎಎಸ್ 115ರ ಪ್ರಕಾರ, ಗ್ರಾಹಕನಿಗೆ ವಾಗ್ದಾನ ಮಾಡಿದ ಸರಕು ಅಥವಾ ಸೇವೆ ಸಲ್ಲಿಕೆಯಾದಾಗ ವರಮಾನವನ್ನು ಗುರುತಿಸಬೇಕು. ಹಣ ಕೈಸೇರಿದ ದಿನವು ಮುಖ್ಯವಲ್ಲ.

ಜಾಹೀರಾತು: ಪತ್ರಿಕೆಯಲ್ಲಿ ಜಾಹೀರಾತು ಮುದ್ರಣವಾದಾಗ, ವಾಹಿನಿಯಲ್ಲಿ ಪ್ರಸಾರವಾದಾಗ ವರಮಾನ ಹುಟ್ಟುತ್ತದೆ. ಮಾರ್ಚ್ 28ರಂದು ಹಣ ಪಡೆದು ಏಪ್ರಿಲ್ 2ರಂದು ಪ್ರಕಟಿಸಿದ ಜಾಹೀರಾತು ಮುಂದಿನ ವರ್ಷದ ಮೊದಲ ತ್ರೈಮಾಸಿಕಕ್ಕೆ ಸೇರುತ್ತದೆ. ವರ್ಷದಲ್ಲಿ ನಿಗದಿತ ಮೊತ್ತ ಮೀರಿದ ಜಾಹೀರಾತುದಾರನಿಗೆ ರಿಯಾಯಿತಿ ಕೊಡುವ ಒಪ್ಪಂದವಿದ್ದು, ಆತ ಆ ಮೊತ್ತವನ್ನು ಮೀರುವ ಸಂಭವ ಹೆಚ್ಚಾಗಿದ್ದರೆ, ರಿಯಾಯಿತಿಯ ಪಾಲನ್ನು ಮೊದಲ ತ್ರೈಮಾಸಿಕದಿಂದಲೇ ಕಳೆಯುತ್ತ ಬರಬೇಕು. ವರ್ಷಾಂತ್ಯದವರೆಗೆ ಕಾದರೆ ಆರಂಭದ ಮೂರು ತ್ರೈಮಾಸಿಕಗಳ ಲಾಭ ಉಬ್ಬಿ ಕಾಣುತ್ತದೆ.

ಪತ್ರಿಕಾ ಚಂದಾ: ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಓದುಗರೊಬ್ಬರು ಫೆಬ್ರವರಿ 1ರಂದು ಒಂದು ವರ್ಷದ ಚಂದಾ ₹2,400 ಕಟ್ಟಿದರೆಂದು ಭಾವಿಸೋಣ. ಮಾರ್ಚ್ 31ಕ್ಕೆ ಮುಗಿಯುವ ತ್ರೈಮಾಸಿಕದಲ್ಲಿ ಪತ್ರಿಕೆಯು ಎರಡು ತಿಂಗಳ ಸಂಚಿಕೆಗಳನ್ನಷ್ಟೇ ತಲುಪಿಸಿರುತ್ತದೆ. ಆದ್ದರಿಂದ ₹400 ಮಾತ್ರ ವರಮಾನ. ಉಳಿದ ₹2,000 ಆ ಓದುಗರಿಗೆ ಪತ್ರಿಕೆ ತೀರಿಸಬೇಕಾದ ಋಣ. ಅದು ಅಡಾವೆ ಪತ್ರಿಕೆಯ ಹೊಣೆಗಳ ಪಟ್ಟಿಯಲ್ಲಿ ಉಳಿಯುತ್ತದೆ. ಸಾವಿರಾರು ಚಂದಾದಾರರ ಮುಂಗಡವನ್ನು ಒಮ್ಮೆಗೇ ವರಮಾನವೆಂದು ಬರೆದರೆ ಚಂದಾ ಅಭಿಯಾನ ನಡೆದ ತ್ರೈಮಾಸಿಕವು ಸುಳ್ಳು ಸಮೃದ್ಧಿಯನ್ನು ತೋರಿಸುತ್ತದೆ.

ವಾಹಿನಿ ಚಂದಾ: ವೀಕ್ಷಕನು ಕೇಬಲ್ ಅಥವಾ ಡಿಟಿಎಚ್ ವಿತರಕನಿಗೆ ಕೊಡುವ ಹಣದಲ್ಲಿ ಪ್ರಸಾರಕರಿಗೆ ಒಂದು ಪಾಲು ಸಲ್ಲುತ್ತದೆ. 2019ರ ಫೆಬ್ರವರಿಯಿಂದ ಕಾರ್ಯಗತವಾದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಹೊಸ ದರ ವ್ಯವಸ್ಥೆಯಲ್ಲಿ ವೀಕ್ಷಕನು ತನಗೆ ಬೇಕಾದ ವಾಹಿನಿಗಳನ್ನು ಆರಿಸಿ, ಪ್ರಕಟಿತ ಬೆಲೆ ತೆರುವ ಪದ್ಧತಿ ಬಂದಿತು. ಆಗ ಪ್ರಸಾರಕರ ಮುಂದೆ ಬಂದ ಪ್ರಶ್ನೆ ಇದು: ವೀಕ್ಷಕ ಕೊಟ್ಟ ಪೂರ್ಣ ಬೆಲೆ ವರಮಾನವೋ, ವಿತರಕನ ಪಾಲು ಕಳೆದು ಉಳಿದದ್ದು ವರಮಾನವೋ? ಸೇವೆಯ ಮೇಲಿನ ಹತೋಟಿ ಯಾರದು, ವಿತರಕನು ಕೇವಲ ಮಧ್ಯವರ್ತಿಯೇ ಎಂಬುದನ್ನು ಪರಿಶೀಲಿಸಿ ಉತ್ತರ ಕಂಡುಕೊಳ್ಳಬೇಕು. ಎರಡು ವಿಧಾನಗಳಲ್ಲೂ ಲಾಭ ಒಂದೇ. ಆದರೆ ವಹಿವಾಟಿನ ಮೊತ್ತವೂ ಲಾಭದ ಶೇಕಡಾವಾರು ಪ್ರಮಾಣವೂ ಬೇರೆಯಾಗುತ್ತವೆ.

ವಿನಿಮಯ ವ್ಯವಹಾರ: ಕೆಲವು ಮಾಧ್ಯಮ ಸಂಸ್ಥೆಗಳು ಜಾಹೀರಾತಿಗೆ ಪ್ರತಿಯಾಗಿ ಹಣದ ಬದಲು ಸರಕನ್ನೋ ಆ ಕಂಪನಿಯ ಷೇರುಗಳನ್ನೋ ಪಡೆಯುವುದುಂಟು. ಪಡೆದ ವಸ್ತುವಿನ ನ್ಯಾಯೋಚಿತ ಮೌಲ್ಯವೇ ವರಮಾನದ ಅಳತೆ. ಷೇರಿನ ಬೆಲೆ ಬಿದ್ದಾಗ ಆ ನಷ್ಟವೂ ಲೆಕ್ಕಕ್ಕೆ ಬರಬೇಕು. ಇದರಲ್ಲಿ ಓದುಗರ ಹಿತವೂ ಅಡಗಿದೆ. ತನ್ನ ಪಾಲುಗಾರಿಕೆ ಇರುವ ಕಂಪನಿಯ ಕುರಿತು ಪತ್ರಿಕೆಯು ನಿಷ್ಪಕ್ಷಪಾತವಾಗಿ ಬರೆಯಬಲ್ಲದೇ ಎಂಬ ಸಂದೇಹದಿಂದ, ಇಂತಹ ಪಾಲುಗಾರಿಕೆಯನ್ನು ಸುದ್ದಿಯ ಜೊತೆಗೆ ಬಹಿರಂಗಪಡಿಸಬೇಕೆಂದು ಸೆಬಿಯು 2010ರಲ್ಲಿ ಭಾರತೀಯ ಪತ್ರಿಕಾ ಮಂಡಳಿಯೊಂದಿಗೆ ಸಮಾಲೋಚಿಸಿ ಸೂಚಿಸಿತು.

ಚಲನಚಿತ್ರ ಮತ್ತು ಧಾರಾವಾಹಿಗಳ ಹಕ್ಕು

ಪ್ರಸಾರ ಕಂಪನಿಯೊಂದು ಕನ್ನಡ ಚಲನಚಿತ್ರದ ಐದು ವರ್ಷಗಳ ಪ್ರಸಾರ ಹಕ್ಕನ್ನು ₹6 ಕೋಟಿಗೆ ಕೊಂಡು, ಹಕ್ಕಿನ ಅವಧಿ ಜನವರಿ 1ರಂದು ಆರಂಭವಾಯಿತೆಂದೂ, ಚಿತ್ರವು ಮಾರ್ಚ್ ತಿಂಗಳಲ್ಲಿ ಬಂದ ಯುಗಾದಿಯ ದಿನ ಮೊದಲ ಬಾರಿ ಪ್ರಸಾರವಾಯಿತೆಂದೂ ಇಟ್ಟುಕೊಳ್ಳೋಣ. ಮೂರು ನೀತಿಗಳನ್ನು ಹೋಲಿಸಿ ನೋಡಬಹುದು.

ಸಮಾನ ಕಂತಿನ ನೀತಿ: ಹಕ್ಕಿನ ಬೆಲೆಯನ್ನು 60 ತಿಂಗಳಿಗೆ ಸಮನಾಗಿ ಹಂಚಿದರೆ ತಿಂಗಳಿಗೆ ₹10 ಲಕ್ಷ. ಜನವರಿ–ಮಾರ್ಚ್ ತ್ರೈಮಾಸಿಕದ ವೆಚ್ಚ ₹30 ಲಕ್ಷ.

ಮೊದಲ ಪ್ರಸಾರಕ್ಕೆ ಹೆಚ್ಚು ಪಾಲು ನೀಡುವ ನೀತಿ: ಮೊದಲ ಪ್ರಸಾರದಲ್ಲಿ ಶೇ. 60ರಷ್ಟನ್ನು ವೆಚ್ಚವೆಂದು ಬರೆದು ಉಳಿದುದನ್ನು ಮುಂದಿನ ಅವಧಿಗೆ ಹಂಚಿದರೆ, ಆ ತ್ರೈಮಾಸಿಕದ ವೆಚ್ಚ ಕನಿಷ್ಠ ₹3.60 ಕೋಟಿ.

ಪೂರ್ಣ ವೆಚ್ಚದ ನೀತಿ: ಮೊದಲ ಪ್ರಸಾರದಲ್ಲೇ ಇಡೀ ಬೆಲೆಯನ್ನು ಬರೆದರೆ ವೆಚ್ಚ ₹6 ಕೋಟಿ, ಮುಂದಿನ ಪ್ರಸಾರಗಳ ಜಾಹೀರಾತು ಆದಾಯಕ್ಕೆ ಎದುರಾಗಿ ಹಕ್ಕಿನ ವೆಚ್ಚ ಏನೂ ಉಳಿಯದು.

ಚಿತ್ರ ಒಂದೇ, ಕೊಟ್ಟ ಹಣವೂ ಒಂದೇ. ಆದರೆ ತ್ರೈಮಾಸಿಕದ ಲಾಭದಲ್ಲಿ ₹5.70 ಕೋಟಿಯವರೆಗೆ ಅಂತರ ಬರುತ್ತದೆ. ಮೊದಲ ಪ್ರಸಾರಕ್ಕೆ ಪ್ರೇಕ್ಷಕರು ಹೆಚ್ಚು, ಎಂಟನೆಯ ಪ್ರಸಾರಕ್ಕೆ ಕಡಿಮೆ ಎಂಬುದು ಸಾಮಾನ್ಯ ಅನುಭವ. ಆದ್ದರಿಂದ ಹಕ್ಕಿನ ಪ್ರಯೋಜನ ಹೇಗೆ ಕರಗುತ್ತದೋ ವೆಚ್ಚವೂ ಹಾಗೆಯೇ ಕರಗಬೇಕೆಂಬುದು ಇಲ್ಲಿನ ತರ್ಕ. ಸುದ್ದಿ, ಸಂದರ್ಶನ, ರಿಯಾಲಿಟಿ ಷೋ ಮುಂತಾದ ಮರುಪ್ರಸಾರದ ಮೌಲ್ಯ ಕಡಿಮೆಯಿರುವ ಕಾರ್ಯಕ್ರಮಗಳ ವೆಚ್ಚವನ್ನು ಪ್ರಸಾರವಾದಾಗಲೇ ಪೂರ್ತಿಯಾಗಿ ಬರೆಯುವುದು ರೂಢಿಯಲ್ಲಿದೆ. ಹಕ್ಕುಗಳನ್ನು ಕೆಲವು ಕಂಪನಿಗಳು ಅಗೋಚರ ಸ್ವತ್ತೆಂದೂ ಕೆಲವು ದಾಸ್ತಾನೆಂದೂ ವರ್ಗೀಕರಿಸುತ್ತವೆ. ಯಾವುದೇ ವರ್ಗೀಕರಣವಿರಲಿ, ಚಿತ್ರದಿಂದ ನಿರೀಕ್ಷಿತ ಗಳಿಕೆ ಬಾರದೆಂದು ಕಂಡುಬಂದ ತ್ರೈಮಾಸಿಕದಲ್ಲೇ ಅದರ ಮೌಲ್ಯವನ್ನು ತಗ್ಗಿಸಬೇಕು.

ಚಿತ್ರಮಂದಿರದ ಗಳಿಕೆಯಲ್ಲಿ ಬಿಡುಗಡೆಯ ದಿನಾಂಕವೇ ತ್ರೈಮಾಸಿಕವನ್ನು ನಿರ್ಧರಿಸುತ್ತದೆ. ಕೋಲಾರದ ಚಿನ್ನದ ಗಣಿಯ ಹಿನ್ನೆಲೆಯುಳ್ಳ 'ಕೆ.ಜಿ.ಎಫ್: ಚಾಪ್ಟರ್ 1' 2018ರ ಡಿಸೆಂಬರ್ 21ರಂದು ತೆರೆಕಂಡಿತು. ಮೊದಲ 11 ದಿನಗಳ ಪ್ರದರ್ಶನ ಮೂರನೆಯ ತ್ರೈಮಾಸಿಕಕ್ಕೆ, ಜನವರಿಯಿಂದ ಮುಂದಿನದು ನಾಲ್ಕನೆಯದಕ್ಕೆ ಸೇರುತ್ತದೆ. ಎರಡನೆಯ ಭಾಗ 2022ರ ಏಪ್ರಿಲ್ 14ರಂದು ಬಿಡುಗಡೆಯಾಯಿತು. ಅದರ ಆರಂಭದ ಗಳಿಕೆಯೆಲ್ಲ 2022–23ರ ಮೊದಲ ತ್ರೈಮಾಸಿಕದ್ದು. ಎರಡು ವಾರ ಮೊದಲೇ ಬಿಡುಗಡೆಯಾಗಿದ್ದರೆ ಅದರ ಮೊದಲ ದಿನದ ಗಳಿಕೆ ಹಿಂದಿನ ಹಣಕಾಸು ವರ್ಷಕ್ಕೆ ಹೋಗುತ್ತಿತ್ತು. ಚಿತ್ರವನ್ನು ಪ್ರದರ್ಶಿಸಿದ ಷೇರುಪಟ್ಟಿಯ ಮಲ್ಟಿಪ್ಲೆಕ್ಸ್ ಕಂಪನಿಗಳ ತ್ರೈಮಾಸಿಕ ಫಲಿತಾಂಶವನ್ನು ಓದುವಾಗ ಇಂತಹ ದಿನಾಂಕಗಳನ್ನು ಗಮನಿಸಬೇಕಾಗುತ್ತದೆ.

ಋತುಮಾನ, ಹಬ್ಬ ಮತ್ತು ಕ್ರೀಡೆ

ಹಿಂದಿನ ವರ್ಷದ ಅದೇ ತ್ರೈಮಾಸಿಕದೊಂದಿಗೆ ಹೋಲಿಸುವುದು ಮಧ್ಯಂತರ ವರದಿಯ ಕ್ರಮ. ಆದರೆ ಹಬ್ಬಗಳು ಚಾಂದ್ರಮಾನ ಪಂಚಾಂಗವನ್ನು ಅನುಸರಿಸುತ್ತವೆ, ಲೆಕ್ಕಪತ್ರಗಳು ಇಂಗ್ಲಿಷ್ ಕ್ಯಾಲೆಂಡರನ್ನು ಅನುಸರಿಸುತ್ತವೆ. ಯುಗಾದಿಯು ಹಣಕಾಸು ವರ್ಷದ ಹೊಸ್ತಿಲಲ್ಲಿ ಬರುವುದರಿಂದ ಒಂದು ವಿಚಿತ್ರ ಪರಿಸ್ಥಿತಿ ಉಂಟಾಗುತ್ತದೆ. ಯುಗಾದಿ 2022ರಲ್ಲಿ ಏಪ್ರಿಲ್ 2ರಂದೂ 2023ರಲ್ಲಿ ಮಾರ್ಚ್ 22ರಂದೂ ಬಂದಿತು. ಹೀಗೆ 2022–23ರ ಹಣಕಾಸು ವರ್ಷದಲ್ಲಿ ಎರಡು ಯುಗಾದಿಗಳಿದ್ದವು. ಮುಂದಿನ ಯುಗಾದಿ 2024ರ ಏಪ್ರಿಲ್ 9ರಂದು ಬಂದುದರಿಂದ 2023–24ರಲ್ಲಿ ಒಂದೂ ಇರಲಿಲ್ಲ. ಯುಗಾದಿಯ ವಿಶೇಷ ಪುರವಣಿ ಮತ್ತು ವಿಶೇಷ ಕಾರ್ಯಕ್ರಮಗಳ ಜಾಹೀರಾತು ಆದಾಯ ಒಂದು ತ್ರೈಮಾಸಿಕದಿಂದ ಇನ್ನೊಂದಕ್ಕೆ ಜಿಗಿದಾಗ ಅದನ್ನು ವ್ಯವಹಾರದ ಏಳಿಗೆ ಅಥವಾ ಕುಸಿತವೆಂದು ತಿಳಿಯುವುದು ತಪ್ಪಾಗುತ್ತದೆ. ನವರಾತ್ರಿಯೂ ಹಾಗೆಯೇ: 2022ರಲ್ಲಿ ಅದು ಸೆಪ್ಟೆಂಬರ್ 26ರಂದು ಆರಂಭವಾಗಿ ಎರಡು ತ್ರೈಮಾಸಿಕಗಳಲ್ಲಿ ಹರಡಿತ್ತು, 2023ರಲ್ಲಿ ಅಕ್ಟೋಬರ್ 15ರಂದು ಆರಂಭವಾಗಿ ಪೂರ್ತಿಯಾಗಿ ಮೂರನೆಯ ತ್ರೈಮಾಸಿಕದಲ್ಲಿತ್ತು.

ಕ್ರೀಡೆಯಿಂದಲೂ ಇಂತಹ ಏರಿಳಿತ ಉಂಟಾಗುತ್ತದೆ. ಸನ್ ಟಿವಿ ನೆಟ್‌ವರ್ಕ್ 2012ರಿಂದ ಐಪಿಎಲ್‌ನ ಹೈದರಾಬಾದ್ ತಂಡದ ಒಡೆತನ ಹೊಂದಿದೆ. ಐಪಿಎಲ್ ಪಂದ್ಯಗಳು ಸಾಮಾನ್ಯವಾಗಿ ಬೇಸಿಗೆಯಲ್ಲಿ, ಬಹುಪಾಲು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನಡೆಯುತ್ತವೆ. 2020ರಲ್ಲಿ ಕೊರೊನಾ ಕಾರಣದಿಂದ ಅವು ಸೆಪ್ಟೆಂಬರ್ 19ರಿಂದ ನವೆಂಬರ್ 10ರವರೆಗೆ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ನಡೆದವು. 2021ರಲ್ಲಿ ಏಪ್ರಿಲ್‌ನಲ್ಲಿ ಆರಂಭವಾಗಿ ಮೇ ತಿಂಗಳಲ್ಲಿ ನಿಂತು ಸೆಪ್ಟೆಂಬರ್‌ನಲ್ಲಿ ಮುಂದುವರಿದವು. ತಂಡದ ವರಮಾನವೂ ವೆಚ್ಚವೂ ಪಂದ್ಯಗಳನ್ನು ಹಿಂಬಾಲಿಸುವುದರಿಂದ ಆ ವರ್ಷಗಳ ತ್ರೈಮಾಸಿಕಗಳನ್ನು ಟಿಪ್ಪಣಿಗಳ ನೆರವಿಲ್ಲದೆ ಹೋಲಿಸಲಾಗದು. ಋತುಮಾನದ ಪರಿಣಾಮವನ್ನು ಟಿಪ್ಪಣಿಯಲ್ಲಿ ವಿವರಿಸಬೇಕೆಂದು ಇಂಡ್ ಎಎಸ್ 34 ವಿಧಿಸಿರುವುದು ಈ ಕಾರಣಕ್ಕಾಗಿ.

ಮುದ್ರಣ ಕಾಗದ ಮತ್ತು ಬಾಕಿ ವಸೂಲಿ

ಪತ್ರಿಕೆಗಳ ದೊಡ್ಡ ವೆಚ್ಚಗಳಲ್ಲಿ ಮುದ್ರಣ ಕಾಗದವೂ ಒಂದು. ಆಮದು ಕಾಗದದ ಮೇಲೆ 2019ರ ಜುಲೈ ಮುಂಗಡಪತ್ರದಲ್ಲಿ ಶೇ. 10ರಷ್ಟು ಸುಂಕ ವಿಧಿಸಿ, 2020ರ ಮುಂಗಡಪತ್ರದಲ್ಲಿ ಅದನ್ನು ಶೇ. 5ಕ್ಕೆ ಇಳಿಸಲಾಯಿತು. ಹಳೆಯ ಬೆಲೆಯ ದಾಸ್ತಾನು ಗೋದಾಮಿನಲ್ಲಿರುವಾಗ ಹೊಸ ಬೆಲೆಯ ಪರಿಣಾಮ ಒಡನೆಯೇ ಲಾಭ–ನಷ್ಟದಲ್ಲಿ ಕಾಣಿಸದು. ಮೊದಲು ಬಂದದ್ದು ಮೊದಲು ಖರ್ಚಾಯಿತೆಂದು ಎಣಿಸುವ ನೀತಿಯೇ, ಸರಾಸರಿ ಬೆಲೆಯ ನೀತಿಯೇ ಎಂಬುದರ ಮೇಲೆ ಪರಿಣಾಮ ಯಾವ ತ್ರೈಮಾಸಿಕದಲ್ಲಿ ತೋರುತ್ತದೆ ಎಂಬುದು ನಿರ್ಧಾರವಾಗುತ್ತದೆ.

ಜಾಹೀರಾತು ಸಂಸ್ಥೆಗಳಿಂದಲೂ ಸರ್ಕಾರಿ ಇಲಾಖೆಗಳಿಂದಲೂ ಬರಬೇಕಾದ ಬಾಕಿ ಇನ್ನೊಂದು ಸೂಕ್ಷ್ಮ ವಿಷಯ. ಹಣ ಮುಳುಗಿದ ಮೇಲೆ ನಷ್ಟ ಬರೆಯುವುದಲ್ಲ, ಮುಳುಗುವ ಸಂಭವವನ್ನು ಅಂದಾಜಿಸಿ ಮೊದಲೇ ಅವಕಾಶ ಕಲ್ಪಿಸಬೇಕೆಂದು ಇಂಡ್ ಎಎಸ್ 109 ಹೇಳುತ್ತದೆ. ಬಾಕಿ ಎಷ್ಟು ದಿನ ಹಳೆಯದೋ ಅದಕ್ಕೆ ತಕ್ಕಂತೆ ಶೇಕಡಾವಾರು ನಷ್ಟವನ್ನು ನಿಗದಿಪಡಿಸುವ ಕೋಷ್ಟಕವನ್ನು ಕಂಪನಿಗಳು ಬಳಸುತ್ತವೆ. ಈ ಲೆಕ್ಕವನ್ನು ವರ್ಷಾಂತ್ಯಕ್ಕೆ ಬಿಡದೆ ಪ್ರತಿ ತ್ರೈಮಾಸಿಕದಲ್ಲೂ ಮಾಡಬೇಕು.

ಆದಾಯ ತೆರಿಗೆ

ತೆರಿಗೆಯನ್ನು ವಿಧಿಸುವುದು ವರ್ಷದ ಆದಾಯದ ಮೇಲೆ. ಆದ್ದರಿಂದ ಮಧ್ಯಂತರ ವರದಿಯಲ್ಲಿ ಇಡೀ ವರ್ಷದ ಪರಿಣಾಮಕಾರಿ ತೆರಿಗೆ ದರವನ್ನು ಅಂದಾಜಿಸಿ, ಅದನ್ನು ಅಂದಿನವರೆಗಿನ ಲಾಭಕ್ಕೆ ಅನ್ವಯಿಸಲಾಗುತ್ತದೆ. ವರ್ಷದ ಅಂದಾಜು ಲಾಭ ₹40 ಕೋಟಿ, ತೆರಿಗೆ ಕಾನೂನಿನಲ್ಲಿ ಕಳೆಯಲು ಅವಕಾಶವಿಲ್ಲದ ಸಾಮಾಜಿಕ ಹೊಣೆಗಾರಿಕೆಯ ವೆಚ್ಚ ₹80 ಲಕ್ಷ ಎಂದಿರಲಿ. ತೆರಿಗೆಯು ₹40.80 ಕೋಟಿಯ ಮೇಲೆ ಶೇ. 25.17ರ ದರದಲ್ಲಿ ಸುಮಾರು ₹10.27 ಕೋಟಿ ಆಗುತ್ತದೆ. ಲಾಭಕ್ಕೆ ಹೋಲಿಸಿದರೆ ಪರಿಣಾಮಕಾರಿ ದರ ಸುಮಾರು ಶೇ. 25.67. ಮೊದಲ ತ್ರೈಮಾಸಿಕದ ಲಾಭ ₹10 ಕೋಟಿಯಾದರೆ ಸುಮಾರು ₹2.57 ಕೋಟಿ ತೆರಿಗೆ ತೋರಿಸಬೇಕು.

ದರವೇ ನಡುವರ್ಷದಲ್ಲಿ ಬದಲಾದರೆ ಅಂದಾಜೂ ಬದಲಾಗುತ್ತದೆ. 2019ರ ಸೆಪ್ಟೆಂಬರ್ 20ರ ಸುಗ್ರೀವಾಜ್ಞೆಯು, ಕೆಲವು ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ಮೂಲ ದರವನ್ನು ಶೇ. 22ಕ್ಕೆ, ಮೇಲ್ತೆರಿಗೆ ಮತ್ತು ಉಪಕರ ಸೇರಿ ಸುಮಾರು ಶೇ. 25.17ಕ್ಕೆ ಇಳಿಸಿತು. ಹೊಸ ದರವನ್ನು ಆರಿಸಿಕೊಂಡ ಕಂಪನಿಗಳು ಮುಂದೂಡಿದ ತೆರಿಗೆಯ ಬಾಕಿಯನ್ನೂ ಮತ್ತೆ ಅಳೆಯಬೇಕಾಯಿತು. ಜಾಹೀರಾತು ಹೆಚ್ಚದಿದ್ದರೂ ಆ ತ್ರೈಮಾಸಿಕದ ನಿವ್ವಳ ಲಾಭ ಏರಲು ಇದು ಕಾರಣವಾಗಬಹುದಿತ್ತು.

ನೀತಿ ಮತ್ತು ಅಂದಾಜುಗಳ ಬದಲಾವಣೆ

ನೀತಿಯನ್ನು ಸ್ವಇಚ್ಛೆಯಿಂದ ಬದಲಿಸಿದರೆ ಹಿಂದಿನ ಅವಧಿಗಳ ಅಂಕಿಗಳನ್ನೂ ಹೊಸ ನೀತಿಯಂತೆ ತಿದ್ದಿ ತೋರಿಸಬೇಕು. ಇಲ್ಲವಾದರೆ ಒಂದೇ ವರ್ಷದ ಎರಡು ತ್ರೈಮಾಸಿಕಗಳನ್ನು ಎರಡು ಅಳತೆಗೋಲುಗಳಿಂದ ಅಳೆದಂತಾಗುತ್ತದೆ. ಅಂದಾಜಿನ ಬದಲಾವಣೆಯಾದರೋ ಅಂದಿನಿಂದ ಮುಂದಕ್ಕೆ ಮಾತ್ರ ಅನ್ವಯಿಸುತ್ತದೆ. ಅಗೋಚರ ಸ್ವತ್ತೆಂದು ಪರಿಗಣಿಸಿದ ಹಕ್ಕಿನ ಉಪಯುಕ್ತ ಅವಧಿಯನ್ನು ಐದು ವರ್ಷದಿಂದ ಏಳಕ್ಕೆ ಹೆಚ್ಚಿಸುವುದು ಅಂದಾಜಿನ ಬದಲಾವಣೆ. ಅದರಿಂದ ಹಳೆಯ ಅಂಕಿಗಳು ತಿದ್ದಲ್ಪಡುವುದಿಲ್ಲ. ಆದರೆ ಮುಂದಿನ ಪ್ರತಿ ತ್ರೈಮಾಸಿಕದ ವೆಚ್ಚ ತಗ್ಗಿ ಲಾಭ ಏರುತ್ತದೆ. ಪರವಾನಗಿ ಒಪ್ಪಂದ ಐದೇ ವರ್ಷದ್ದಾಗಿದ್ದರೆ ಇಂತಹ ಹೆಚ್ಚಳಕ್ಕೆ ಆಧಾರವೇ ಇರದು.

ನಾಲ್ಕನೆಯ ತ್ರೈಮಾಸಿಕದ ಅಂಕಿಯನ್ನು ಪ್ರತ್ಯೇಕವಾಗಿ ಪರಿಶೋಧಿಸುವುದಿಲ್ಲ. ಇಡೀ ವರ್ಷದ ಪರಿಶೋಧಿತ ಮೊತ್ತದಿಂದ ಮೊದಲ ಒಂಬತ್ತು ತಿಂಗಳ ಪ್ರಕಟಿತ ಮೊತ್ತವನ್ನು ಕಳೆದು ಉಳಿದುದನ್ನು ಅಲ್ಲಿ ತೋರಿಸಲಾಗುತ್ತದೆ. ಹೀಗಾಗಿ ಮೊದಲ ಮೂರು ತ್ರೈಮಾಸಿಕಗಳಲ್ಲಿ ಮಾಡಿದ ಅಂದಾಜಿನ ತಪ್ಪುಗಳೆಲ್ಲ ತಿದ್ದುಪಡಿಯಾಗಿ ನಾಲ್ಕನೆಯದರಲ್ಲಿ ಬಂದು ಸೇರುತ್ತವೆ.

ಸೀಮಿತ ಪರಿಶೀಲನೆ ಮತ್ತು ಅದರ ಮಿತಿ

ತ್ರೈಮಾಸಿಕ ಫಲಿತಾಂಶವನ್ನು ಶಾಸನಬದ್ಧ ಲೆಕ್ಕಪರಿಶೋಧಕರು ಸೀಮಿತ ಪರಿಶೀಲನೆಗೆ ಒಳಪಡಿಸುತ್ತಾರೆ. ಇದು ಮುಖ್ಯವಾಗಿ ವಿಚಾರಣೆ ಮತ್ತು ಅಂಕಿಗಳ ತುಲನೆಯನ್ನು ಆಧರಿಸಿದ್ದು, ಪೂರ್ಣ ಲೆಕ್ಕಪರಿಶೋಧನೆಗಿಂತ ಕಡಿಮೆ ಭರವಸೆ ನೀಡುತ್ತದೆ. ಲೆಕ್ಕಗಳು ಸತ್ಯವೂ ನ್ಯಾಯಯುತವೂ ಆಗಿವೆ ಎಂದು ಪರಿಶೋಧಕರು ಇಲ್ಲಿ ಹೇಳುವುದಿಲ್ಲ. ತಪ್ಪಿದೆಯೆಂದು ನಂಬಲು ಕಾರಣವಾಗುವಂತಹುದು ಏನೂ ತಮ್ಮ ಗಮನಕ್ಕೆ ಬಂದಿಲ್ಲ ಎಂದಷ್ಟೇ ಹೇಳುತ್ತಾರೆ.

ಈ ಅಂತರದ ಮಹತ್ವವನ್ನು ಮಾಧ್ಯಮ ಕ್ಷೇತ್ರದ ಹೊರಗಿನ ಒಂದು ಪ್ರಕರಣ ಮನವರಿಕೆ ಮಾಡಿಕೊಡುತ್ತದೆ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಕಂಪನಿಯ ಅಧ್ಯಕ್ಷರು 2009ರ ಜನವರಿ 7ರಂದು ಬರೆದ ಪತ್ರದಲ್ಲಿ, 2008ರ ಸೆಪ್ಟೆಂಬರ್ ತ್ರೈಮಾಸಿಕದ ವರಮಾನವನ್ನು ₹2,700 ಕೋಟಿ ಎಂದು ತೋರಿಸಲಾಗಿತ್ತಾದರೂ ನಿಜವಾದದ್ದು ₹2,112 ಕೋಟಿ ಎಂದೂ, ಅಡಾವೆ ಪತ್ರಿಕೆಯಲ್ಲಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ₹5,040 ಕೋಟಿ ಅಸ್ತಿತ್ವದಲ್ಲೇ ಇಲ್ಲವೆಂದೂ ಒಪ್ಪಿಕೊಂಡರು. ಪ್ರತಿ ಮೂರು ತಿಂಗಳಿಗೊಮ್ಮೆ ನಿರೀಕ್ಷೆಗೆ ತಕ್ಕ ಅಂಕಿ ಕೊಡಬೇಕೆಂಬ ಒತ್ತಡ ಎಲ್ಲಿಗೆ ಕೊಂಡೊಯ್ಯಬಲ್ಲದು ಎಂಬುದಕ್ಕೆ ಇದು ನಿದರ್ಶನ. ಅಂತಹ ಅಂಕಿಯನ್ನು ನಂಬಿ ಉಳಿತಾಯದ ಹಣ ತೊಡಗಿಸಿದ ಸಣ್ಣ ಹೂಡಿಕೆದಾರರೂ ಅದರ ನಷ್ಟವನ್ನು ಹೊರಬೇಕಾಯಿತು.

2020ರ ಪರೀಕ್ಷೆ

ಕೊರೊನಾ ಲಾಕ್‌ಡೌನ್ 2020ರ ಮಾರ್ಚ್ 25ರಂದು, ಅಂದರೆ ಹಣಕಾಸು ವರ್ಷ ಮುಗಿಯಲು ಒಂದು ವಾರವಿರುವಾಗ ಆರಂಭವಾಯಿತು. ಧಾರಾವಾಹಿಗಳ ಚಿತ್ರೀಕರಣ ನಿಂತು ವಾಹಿನಿಗಳು ಹಳೆಯ ಸಂಚಿಕೆಗಳನ್ನು ಮರುಪ್ರಸಾರ ಮಾಡಿದವು, ಜಾಹೀರಾತು ತೀವ್ರವಾಗಿ ಇಳಿಯಿತು, ಚಿತ್ರಮಂದಿರಗಳು ಮುಚ್ಚಿದವು. ಸೆಬಿಯು ಮಾರ್ಚ್ ತ್ರೈಮಾಸಿಕದ ಫಲಿತಾಂಶ ಸಲ್ಲಿಕೆಯ ಗಡುವನ್ನು ಜುಲೈ 31ರವರೆಗೆ, ಜೂನ್ ತ್ರೈಮಾಸಿಕದ ಗಡುವನ್ನು ಸೆಪ್ಟೆಂಬರ್ 15ರವರೆಗೆ ವಿಸ್ತರಿಸಿತು. ಮಾಧ್ಯಮ ಕಂಪನಿಗಳ ಮುಂದೆ ಹಲವು ಪ್ರಶ್ನೆಗಳು ಒಮ್ಮೆಗೇ ಬಂದವು. ಮುಚ್ಚಿದ ಜಾಹೀರಾತುದಾರನ ಬಾಕಿ ಬರುವುದೇ? ಪ್ರಸಾರವಾಗದೆ ಉಳಿದ ಚಿತ್ರದ ಹಕ್ಕಿನ ಅವಧಿ ಕಳೆಯುತ್ತಿರುವಾಗ ವೆಚ್ಚ ಬರೆಯುವುದನ್ನು ನಿಲ್ಲಿಸಬಹುದೇ? ಸಮಾನ ಕಂತಿನ ನೀತಿಯಲ್ಲಿ ಇದಕ್ಕೆ ಉತ್ತರ ಸ್ಪಷ್ಟ: ಅವಧಿ ಓಡುತ್ತಿರುವವರೆಗೆ ವೆಚ್ಚವೂ ಓಡುತ್ತದೆ. ಕೆಟ್ಟ ಕಾಲದಲ್ಲಿ ನೀತಿಯನ್ನು ಸಡಿಲಿಸಿದರೆ ಕಾಲ ಎಷ್ಟು ಕೆಟ್ಟಿತ್ತೆಂಬುದು ವರದಿಯಿಂದ ತಿಳಿಯುವುದಿಲ್ಲ.

ಟೀಕೆ

ತ್ರೈಮಾಸಿಕ ವರದಿಯು ಆಡಳಿತವನ್ನು ಅಲ್ಪಾವಧಿಯ ಲಾಭಕ್ಕೆ ಕಟ್ಟಿಹಾಕುತ್ತದೆಂಬ ಟೀಕೆಯಿದೆ. ಹೊಸ ಕಾರ್ಯಕ್ರಮಕ್ಕೆ ಅಥವಾ ಜಿಲ್ಲಾ ಸುದ್ದಿಜಾಲಕ್ಕೆ ಇಂದು ಮಾಡಿದ ವೆಚ್ಚದ ಫಲ ವರ್ಷಗಳ ಅನಂತರ ದೊರೆಯಬಹುದು. ಆದರೆ ವೆಚ್ಚ ಈ ತ್ರೈಮಾಸಿಕದಲ್ಲೇ ಕಾಣುತ್ತದೆ. ಇದೇ ವಾದದ ಹಿನ್ನೆಲೆಯಲ್ಲಿ ಐರೋಪ್ಯ ಒಕ್ಕೂಟವು 2013ರ ತಿದ್ದುಪಡಿಯ ಮೂಲಕ ತ್ರೈಮಾಸಿಕ ವರದಿಯ ಕಡ್ಡಾಯವನ್ನು ಕೈಬಿಟ್ಟಿತು; ಬ್ರಿಟನ್ 2014ರಲ್ಲಿ ಅದನ್ನು ಅನುಸರಿಸಿತು. ಅರ್ಧವಾರ್ಷಿಕ ವರದಿ ಅಲ್ಲಿ ಮುಂದುವರಿದಿದೆ. ವರದಿಗಳ ನಡುವಿನ ಅವಧಿ ದೀರ್ಘವಾದಷ್ಟೂ ಒಳಗಿನವರಿಗೆ ತಿಳಿದದ್ದು ಹೊರಗಿನವರಿಗೆ ತಿಳಿಯಲು ತಡವಾಗುತ್ತದೆ ಎಂಬುದು ತ್ರೈಮಾಸಿಕ ವರದಿಯ ಪರವಾದ ವಾದ.

ವರದಿಯನ್ನು ಓದುವ ಕ್ರಮ

ಮಾಧ್ಯಮ ಕಂಪನಿಯ ತ್ರೈಮಾಸಿಕ ವರದಿಯನ್ನು ಓದುವ ವಿದ್ಯಾರ್ಥಿಯು ನಿವ್ವಳ ಲಾಭದ ಸಾಲಿಗಿಂತ ಮೊದಲು ಕೆಳಗಿನ ಟಿಪ್ಪಣಿಗಳನ್ನು ಓದುವುದು ಒಳಿತು. ಹಿಂದಿನ ವಾರ್ಷಿಕ ವರದಿಯ ನೀತಿಗಳೇ ಮುಂದುವರಿದಿವೆಯೇ ಎಂಬುದನ್ನು ಮೊದಲು ನೋಡಬೇಕು. ಹೋಲಿಕೆಯನ್ನು ಹಿಂದಿನ ವರ್ಷದ ಅದೇ ತ್ರೈಮಾಸಿಕದೊಂದಿಗೆ ಮಾಡಿ, ಹಬ್ಬ, ಚುನಾವಣೆ, ಪಂದ್ಯಾವಳಿಗಳ ದಿನಾಂಕಗಳನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ವಿಶೇಷ ಬಾಬುಗಳೆಂದು ಬೇರೆಯಾಗಿ ತೋರಿಸಿದ ಮೊತ್ತಗಳು ಪ್ರತಿ ವರ್ಷವೂ ಮರುಕಳಿಸುತ್ತಿವೆಯೇ ಎಂದು ಗಮನಿಸಬೇಕು. ಸೆಪ್ಟೆಂಬರ್ ಮತ್ತು ಮಾರ್ಚ್ ಅಂತ್ಯದ ಫಲಿತಾಂಶಗಳೊಂದಿಗೆ ಬರುವ ಅಡಾವೆ ಪತ್ರಿಕೆ ಹಾಗೂ ನಗದು ಹರಿವಿನ ತಃಖ್ತೆಯಲ್ಲಿ ಲಾಭಕ್ಕೆ ತಕ್ಕಷ್ಟು ಹಣ ನಿಜವಾಗಿ ಬಂದಿದೆಯೇ, ಹಕ್ಕುಗಳ ದಾಸ್ತಾನು ಮತ್ತು ವಸೂಲಾಗಬೇಕಾದ ಬಾಕಿ ವರಮಾನಕ್ಕಿಂತ ವೇಗವಾಗಿ ಬೆಳೆಯುತ್ತಿವೆಯೇ ಎಂಬುದನ್ನು ಪರೀಕ್ಷಿಸಬೇಕು. ಲಾಭ ಏರುತ್ತಿದ್ದು ನಗದು ಬಾರದಿದ್ದರೆ ಅದಕ್ಕೆ ಕಾರಣವನ್ನು ಬಹುಮಟ್ಟಿಗೆ ಲೆಕ್ಕಪತ್ರ ನೀತಿಗಳಲ್ಲೂ ಅಂದಾಜುಗಳಲ್ಲೂ ಹುಡುಕಬೇಕಾಗುತ್ತದೆ.